ಮುಟ್ಟು ಮುಂದೂಡುವ ಮಾತ್ರೆ ಗರ್ಭ ತಡೆಯುತ್ತದಾ?

ಪ್ರಶ್ನೆ: ಡಾಕ್ಟ್ರೇ, ಮೊನ್ನೆ ನಮ್ಮ ಕುಟುಂಬದ ಮನೆಯಲ್ಲಿ ಕೋಲ ಇತ್ತು. ಮುಟ್ಟು ಬರುವ ದಿನವೂ ಅದೇ. ನಾದಿನಿ ಮೆಡಿಕಲ್‌ನಿಂದ ಮಾತ್ರೆ ತಂದುಕೊಟ್ಟಳು, ನೊರೆಥಿಸ್ಟೆರೋನ್ 5 ಮಿಲಿಗ್ರಾಂ, ದಿನಕ್ಕೆ ಮೂರು. ಮುಟ್ಟಿಗೆ ಮೂರು ದಿನ ಇರುವಾಗ ಶುರು ಮಾಡಿದೆ. ಇದು ಹಾರ್ಮೋನ್ ಮಾತ್ರೆ, ಗರ್ಭ ನಿಲ್ಲುವುದಿಲ್ಲ ಅಂತ ಅವಳು ಮೊದಲೇ ಹೇಳಿದ್ದಳು, ಹಾಗಾಗಿ ಆ ತಿಂಗಳು ನಾವು ಬೇರೆ ಜಾಗ್ರತೆ ಮಾಡಲಿಲ್ಲ. ಮಾತ್ರೆ ಬಿಟ್ಟು ಹತ್ತು ದಿನ ಆಯ್ತು, ಇನ್ನೂ ಮುಟ್ಟಾಗಿಲ್ಲ. ಮಗುವಿಗೆ ಎರಡು ವರ್ಷ, ಹಾಲು ಬಿಡಿಸಿ ಆಗಿದೆ.
– ಹೆಸರು ಬೇಡ, ಕಾಪು

ಉತ್ತರ: ಮೊದಲು ಕಿಟ್ ತಂದು ಬೆಳಗ್ಗಿನ ಮೊದಲ ಮೂತ್ರದಲ್ಲಿ ಪರೀಕ್ಷೆ ಮಾಡಿ. ಈ ಮಾತ್ರೆ ಬಿಟ್ಟ ಎರಡು ಮೂರು ದಿನಕ್ಕೆ ಸಾಮಾನ್ಯವಾಗಿ ಮುಟ್ಟು ಬರುತ್ತದೆ, ಹತ್ತು ದಿನ ಅಂದರೆ ಜಾಸ್ತಿಯೇ. ಎರಡು ಗೆರೆ ಬಂದರೆ ಮತ್ತೆ ಮೆಡಿಕಲ್‌ಗೆ ಹೋಗಿ ಇನ್ನೊಂದು ಮಾತ್ರೆ ತಂದು ನುಂಗಬೇಡಿ. ಸೀದಾ ಡಾಕ್ಟರ ಹತ್ತಿರ ಹೋಗಿ, ಮಾತ್ರೆಯ ಖಾಲಿ ಪಟ್ಟಿ ಇದ್ದರೆ ತೋರಿಸಿ. ಒಂದೇ ಗೆರೆ ಬಂದು, ಮುಟ್ಟೂ ಬಾರದಿದ್ದರೆ ವಾರ ಬಿಟ್ಟು ಮತ್ತೊಮ್ಮೆ ನೋಡಿ.

ನಾದಿನಿ ಹೇಳಿದ್ದು ಅರ್ಧ ಸರಿ. ನಮ್ಮ ಮೈಯಲ್ಲೇ ಆಗುವ ಪ್ರೊಜೆಸ್ಟರಾನ್ ಎಂಬ ಹಾರ್ಮೋನನ್ನು ಹಾಗೇ ನುಂಗಿದರೆ ಲಿವರ್ ಅದರ ಹೆಚ್ಚಿನ ಪಾಲನ್ನು ಒಡೆದುಹಾಕುತ್ತದೆ. ಅದರಂತೆಯೇ ಇದ್ದು, ನುಂಗಿದರೂ ಕೆಲಸ ಮಾಡುವ ಪ್ರೊಜೆಸ್ಟಿನ್ ಆದ ನೊರೆಥಿಸ್ಟೆರೋನ್ 1951ರಲ್ಲಿ ಮೆಕ್ಸಿಕೋ ಸಿಟಿಯ ಸಿಂಟೆಕ್ಸ್ ಲ್ಯಾಬಿನಲ್ಲಿ ತಯಾರಾಯಿತು. ಮುಂದೆ ಗರ್ಭನಿರೋಧಕ ಗುಳಿಗೆಗೂ ಅದೇ ಬಂತು. ಅದೊಂದೇ ಇರುವ ಗುಳಿಗೆಯಲ್ಲಿ ದಿನಕ್ಕೆ 0.35 ಮಿಲಿಗ್ರಾಂ ಸಾಕು. ದಿನವೂ ತಪ್ಪದೆ ತಗೊಂಡರೆ ಗರ್ಭಕೋಶದ ಬಾಯಿಯ ಲೋಳೆ ದಪ್ಪವಾಗಿ ವೀರ್ಯಾಣು ಒಳಗೆ ಹೋಗುವುದು ಕಷ್ಟ, ಹಲವರಲ್ಲಿ ಅಂಡ ಬಿಡುಗಡೆಯೂ ನಿಲ್ಲುತ್ತದೆ. ನೀವು ತಗೊಂಡದ್ದು ದಿನಕ್ಕೆ 15 ಮಿಲಿಗ್ರಾಂ, ಆದರೆ ಶುರು ಮಾಡಿದ್ದು ಮುಟ್ಟಿನ ಚಕ್ರದ ಕೊನೆಗೆ. ಅಂಡ ಹೊರಬಂದು ಆಗಲೇ ವಾರದ ಮೇಲಾಗಿತ್ತು. ಗರ್ಭ ನಿಲ್ಲುವುದಿದ್ದರೆ ಅಷ್ಟರಲ್ಲಿ ನಿಂತಿರುತ್ತದೆ, ಅಲ್ವಾ?

ನನಗೆ ಇನ್ನೊಂದು ಚಿಂತೆ ಇದೆ. ನಮ್ಮ ಕಡೆ ಕೋಲ, ನಾಗಮಂಡಲ, ಮದುವೆ ಅಂತ ಶುರುವಾದರೆ ಈ ಮಾತ್ರೆ ಕೈಯಿಂದ ಕೈಗೆ ಹೋಗುತ್ತದೆ. ಇಷ್ಟು ಪ್ರಮಾಣದಲ್ಲಿ ತಗೊಂಡಾಗ ಸ್ವಲ್ಪ ಭಾಗ ಮೈಯೊಳಗೆ ಈಸ್ಟ್ರೋಜನ್ ಎಂಬ ಇನ್ನೊಂದು ಹಾರ್ಮೋನ್ ಆಗಿ ಬದಲಾಗುತ್ತದೆ, ಅದರಿಂದ ರಕ್ತ ಹೆಪ್ಪುಗಟ್ಟುವ ಅಪಾಯ ಜಾಸ್ತಿ. ಹಿಂದೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದವರು, ಕಣ್ಣೆದುರು ಮಿಂಚಿದಂತಾಗಿ ಮೈಗ್ರೇನ್ ಶುರುವಾಗುವವರು ಡಾಕ್ಟರನ್ನು ಕೇಳದೆ ಇದನ್ನು ಮುಟ್ಟಲೇಬಾರದು.

ಗರ್ಭ ಇಲ್ಲ ಅಂತ ಖಾತ್ರಿಯಾದರೆ ಮಾಲಾ-ಎನ್ ಎಂಬ ಗರ್ಭನಿರೋಧಕ ಗುಳಿಗೆಯ ಬಗ್ಗೆ ಕೇಳಿ ನೋಡಿ. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಸಿಗುತ್ತದೆ. 28 ಮಾತ್ರೆಯ ಪಟ್ಟಿ, 21ರಲ್ಲಿ ಲೆವೊನಾರ್ಜೆಸ್ಟ್ರೆಲ್ ಎಂಬ ಇನ್ನೊಂದು ಪ್ರೊಜೆಸ್ಟಿನ್, ಜೊತೆಗೆ ಸ್ವಲ್ಪ ಈಸ್ಟ್ರೋಜನ್. ಉಳಿದ 7 ಕಬ್ಬಿಣಾಂಶದ್ದು. ಈಗ ಹೇಳಿದ ತೊಂದರೆ ಇರುವವರಿಗೆ ಇದೂ ಆಗದು, ಬಿಪಿಯನ್ನೂ ನೋಡಿಸಿಕೊಳ್ಳಬೇಕು. ಆದರೆ ದಿನಾ ಇದನ್ನು ತಗೊಳ್ಳುವವರು ಮುಂದಿನ ಕೋಲಕ್ಕೆ ಬೇರೆ ಮಾತ್ರೆ ಹುಡುಕಬೇಕಾಗಿಲ್ಲ. ಡಾಕ್ಟರಿಗೆ ಒಂದು ಮಾತು ಹೇಳಿ, ಆ 7 ಬಿಟ್ಟು ಮರುದಿನವೇ ಹೊಸ ಪಟ್ಟಿ ಶುರು ಮಾಡಿದರೆ ಮುಟ್ಟು ಮುಂದೆ ಹೋಗುತ್ತದೆ, ಗರ್ಭವನ್ನೂ ತಡೆಯುತ್ತದೆ. ನಡುವೆ ಸ್ವಲ್ಪ ರಕ್ತದ ಕಲೆ ಕಂಡರೆ ಹೆದರಬೇಡಿ, ಮಾತ್ರೆ ನಿಲ್ಲಿಸಬೇಡಿ.