ಹಳೇಬೀಡಿನ ಶಿಲ್ಪಗಳು ಫಿಲ್ಮ್‌ನಲ್ಲಿ ಮಂಕಾಗಿ ಬರುವುದೇಕೆ?

ಹಳೇಬೀಡಿನ ಹೊಯ್ಸಳೇಶ್ವರ ಗುಡಿಯ ಪಡುವಣ ಗೋಡೆಯನ್ನು ಬೆಳಗ್ಗೆ ಕಪ್ಪು-ಬಿಳುಪು ಫಿಲ್ಮ್‌ನಲ್ಲಿ ತೆಗೆದಿದ್ದೀರಿ. ಪ್ರಿಂಟ್ ಮಾಡಿದರೆ ಎಲ್ಲ ಬೂದು. ಮುಂದಿನ ಸಲ ಲೆನ್ಸಿಗೆ ಕೆಂಪು ಫಿಲ್ಟರ್ ಹಾಕಲೇ ಎಂದು ಕೇಳಿದ್ದೀರಿ.

ಫಿಲ್ಟರ್ ಬೇಡ. ನಿಮಗೆ ಬೇಕಿರುವುದು ಓರೆ ಬಿಸಿಲು. ಬೆಳಗ್ಗೆ ಆ ಗೋಡೆ ಪೂರ್ತಿ ನೆರಳಲ್ಲಿರುತ್ತದೆ. ಸಂಜೆ ಸೂರ್ಯ ನೇರ ಎದುರಿಗೆ ಬಂದರೆ ಕೆತ್ತನೆ ಚಪ್ಪಟೆಯಾಗುತ್ತದೆ. ನಡುಹಗಲು ಕಳೆದು ಬಿಸಿಲು ಕಲ್ಲನ್ನು ಸವರಿಕೊಂಡು ಇಳಿಯುವ ಹೊತ್ತಿದೆಯಲ್ಲ, ಅದಕ್ಕೆ ಕಾಯಿರಿ. ಬಳಪದ ಕಲ್ಲಿನಲ್ಲಿ ಬಿಡಿಸಿದ ಹಾರದ ಮಣಿಗಳು ಎದ್ದು ಬರುವುದು ಆಗಲೇ. ಗೋಡೆ ಅಂಕುಡೊಂಕಾಗಿರುವುದರಿಂದ ಒಂದು ಮುಖಕ್ಕೆ ಬಿಸಿಲು, ಪಕ್ಕದ್ದಕ್ಕೆ ನೆರಳು. ಕ್ಯಾಮೆರಾ ಹೊರಗೆ ತೆಗೆಯುವ ಮೊದಲು ಸುಮ್ನೆ ಒಂದು ಸುತ್ತು ನಡೆದು ನೋಡಿ.

ಫಿಲ್ಟರ್ ಯಾಕೆ ಬೇಡ ಅಂದೆ? ನೆರಳಿಗೆ ಬೆಳಕು ಕೊಡುವುದು ಆಕಾಶ. ಅದರಲ್ಲಿ ನೀಲಿ ಜಾಸ್ತಿ. ಕೆಂಪು ಫಿಲ್ಟರ್ ನೀಲಿಯನ್ನೇ ತಡೆಯುತ್ತದೆ, ಹಾಗಾಗಿ ಓರೆ ಬಿಸಿಲಲ್ಲಿ ಕೆತ್ತನೆಯ ಸಂದುಗಳೆಲ್ಲ ಕಪ್ಪು ಮಸಿಯಾಗುತ್ತವೆ. 1856ರಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೇನಾಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯನ್ನು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳಲ್ಲಿ ಸೆರೆಹಿಡಿದರು. ಆ ಕಾಗದಕ್ಕೆ ಕಾಣುತ್ತಿದ್ದುದು ಹೆಚ್ಚಾಗಿ ನೀಲಿ ಬೆಳಕೇ. ಆಕಾಶ ಬೆಳ್ಳಗೆ ಖಾಲಿಯಾಗುತ್ತಿತ್ತು ನಿಜ, ಆದರೆ ನೆರಳಿನ ವಿವರಕ್ಕೆ ಅದು ಒಳ್ಳೆಯದೇ ಆಯಿತು. ಆ ಚಿತ್ರಗಳನ್ನು ಒಮ್ಮೆ ನಿಧಾನವಾಗಿ ನೋಡಿ, ಕಣ್ಣು ಪಳಗುತ್ತದೆ.

ಲೈಟ್ ಮೀಟರನ್ನು ಬಿಸಿಲಿನ ಕಲ್ಲಿಗೆ ಹಿಡಿಯಬೇಡಿ. ವಿವರ ಕಾಣಲೇಬೇಕಾದ ನೆರಳಿಗೆ ಹಿಡಿದು, ಅದು ಹೇಳಿದ್ದಕ್ಕಿಂತ ಎರಡು ಸ್ಟಾಪ್ ಕಡಿಮೆ ಕೊಡಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ). ಮೋಡ ಕವಿದಿದ್ದರೆ ಬಿಸಿಲು-ನೆರಳಿನ ವ್ಯತ್ಯಾಸ ಕಡಿಮೆ, ಹಾಗಾಗಿ ಆ ರೋಲನ್ನು ಶೇ. 15–20ರಷ್ಟು ಜಾಸ್ತಿ ಹೊತ್ತು ಡೆವಲಪ್ ಮಾಡಿ.

ಈಗಿರುವ ನೆಗೆಟಿವ್‌ಗಳನ್ನು ಎಸೆಯಬೇಡಿ. ಮಲ್ಟಿಗ್ರೇಡ್ ಪೇಪರ್ (ಎನ್‌ಲಾರ್ಜರ್‌ನ ಫಿಲ್ಟರ್ ಬದಲಿಸಿ ಕಾಂಟ್ರಾಸ್ಟ್ ಹೆಚ್ಚು-ಕಡಿಮೆ ಮಾಡಬಹುದಾದ ಕಾಗದ) ಇದ್ದರೆ ಹೆಚ್ಚು ಕಾಂಟ್ರಾಸ್ಟಿನ 4ನೇ ಗ್ರೇಡ್‌ನಲ್ಲಿ ಪ್ರಿಂಟ್ ಮಾಡಿ ನೋಡಿ, ಎಷ್ಟೋ ಸುಧಾರಿಸುತ್ತದೆ. ಓರೆ ಬಿಸಿಲಿನ ನೆಗೆಟಿವ್‌ಗೆ ನಾನು ಮಾಡುವುದೇ ಬೇರೆ. ಮೊದಲು ಎನ್‌ಲಾರ್ಜರ್‌ಗೆ ಹಾಕುವ, ಅತಿ ಕಡಿಮೆ ಕಾಂಟ್ರಾಸ್ಟಿನ 00 ಫಿಲ್ಟರ್‌ನಲ್ಲಿ ಟೆಸ್ಟ್ ಸ್ಟ್ರಿಪ್ (ಬೇರೆ ಬೇರೆ ಸಮಯ ಕೊಟ್ಟು ನೋಡುವ ಕಾಗದದ ತುಂಡು) ತೆಗೆದು, ಬಿಸಿಲು ಬಿದ್ದ ಭಾಗಕ್ಕೆ ತೆಳುವಾದ ಬೂದು ಬರುವಷ್ಟು ಸಮಯ ಗೊತ್ತುಮಾಡಿಕೊಳ್ಳುತ್ತೇನೆ. ಪೂರ್ತಿ ಹಾಳೆಗೆ ಅಷ್ಟು ಸಮಯ ಕೊಟ್ಟು, ಅದೇ ಹಾಳೆಯ ಮೇಲೆ ಅತಿ ಹೆಚ್ಚು ಕಾಂಟ್ರಾಸ್ಟಿನ 5ನೇ ಫಿಲ್ಟರ್‌ನಲ್ಲಿ ಇನ್ನೊಂದು ಎಕ್ಸ್‌ಪೋಷರ್, ನೆರಳಿಗೆ ಗಟ್ಟಿ ಕಪ್ಪು ಬರುವವರೆಗೆ. ಕೆಳಸಾಲಿನ ಆನೆಗಳು ತೀರಾ ಕಪ್ಪಾದರೆ ಈ ಎರಡನೆಯ ಸಲ ಅಲ್ಲಿಗೆ ಕೈ ಅಡ್ಡ ಹಿಡಿಯಿರಿ. ಕೈ ಆಡಿಸುತ್ತಲೇ ಇರಬೇಕು, ಇಲ್ಲದಿದ್ದರೆ ಗೆರೆ ಬೀಳುತ್ತದೆ. ಫೈಬರ್ ಪೇಪರ್ (ಪ್ಲಾಸ್ಟಿಕ್ ಲೇಪವಿಲ್ಲದ ಫೋಟೋ ಕಾಗದ) ಆದರೆ ಒಣಗಿದ ಮೇಲೆ ಇನ್ನೂ ಸ್ವಲ್ಪ ಕಪ್ಪಾಗುತ್ತದೆ. ಒದ್ದೆ ಪ್ರಿಂಟ್ ನೋಡಿ ಸಮಯ ನಿರ್ಧರಿಸಬೇಡಿ.

ಟ್ರೈಪಾಡ್ ಒಯ್ಯುವುದಾದರೆ ಪುರಾತತ್ವ ಇಲಾಖೆಯ ಅನುಮತಿ ಮೊದಲೇ ಪಡೆದುಕೊಳ್ಳಿ.