ಜಪಾನಿನವರು ಮೀಟಿಂಗ್‌ನಲ್ಲಿ ‘ಹಾಯ್’ ಅಂದರೆ ಒಪ್ಪಿದ ಹಾಗಾ?

ಮುಂದಿನ ತಿಂಗಳಿಂದ ಟೋಕಿಯೋ ಟೀಮ್ ಜೊತೆ ಕೆಲಸ, ಎಲ್ಲಿ ಎಡವಟ್ಟಾಗಬಹುದು ಅಂತ ಕೇಳಿದ್ದೀರಿ. ನಾನು ಬೆಂಗಳೂರಿನಲ್ಲಿ ಕೂತು ನಾಲ್ಕು ವರ್ಷ, ಆಮೇಲೆ ಟೋಕಿಯೋದಲ್ಲೇ ಎರಡು ವರ್ಷ ಅವರ ಜೊತೆ ಸಾಫ್ಟ್‌ವೇರ್ ಕೆಲಸ ಮಾಡಿದ್ದೇನೆ. ಬಗ್ಗಿ ನಮಸ್ಕಾರ ಮಾಡೋದು, ವಿಸಿಟಿಂಗ್ ಕಾರ್ಡನ್ನು ಎರಡೂ ಕೈಯಲ್ಲಿ ಕೊಡೋದು, ಇವೆಲ್ಲ ಒಂದು ವಾರದಲ್ಲಿ ಬರುತ್ತೆ. ತಪ್ಪಿದರೂ ಯಾರೂ ಬೇಜಾರು ಮಾಡಿಕೊಳ್ಳಲ್ಲ. ಎಡವೋದು ‘ಹೌದು’, ‘ಇಲ್ಲ’ಗಳಲ್ಲಿ.

ಮೊದಲ ವರ್ಷದ ಮಾತು. ಒಂದು ಸ್ಕ್ರೀನ್ ಪೂರ್ತಿ ಬದಲಾಯಿಸೋಣ ಅಂತ ಕಾಲ್‌ನಲ್ಲಿ ವಿವರಿಸುತ್ತಿದ್ದೆ. ಆ ಕಡೆಯ ಮ್ಯಾನೇಜರ್ ಪ್ರತಿ ವಾಕ್ಯಕ್ಕೂ ‘ಹಾಯ್, ಹಾಯ್’ ಅನ್ನುತ್ತಿದ್ದರು. ಜಪಾನಿ ಭಾಷೆಯಲ್ಲಿ ಹಾಯ್ ಅಂದರೆ ಹೌದು ಅಂತ ಕಲಿತಿದ್ದೆ. ಕೊನೆಗೆ ‘ಕೆಂತೋ ಶಿಮಾಸು’ ಅಂದರು, ಅಂದರೆ ಯೋಚಿಸಿ ನೋಡ್ತೀವಿ. ಸರಿ, ಕೆಲಸ ಆಯ್ತು ಅಂದುಕೊಂಡು ಇಬ್ಬರು ಹುಡುಗರನ್ನು ಕೂರಿಸಿ ಮೂರು ವಾರ ಕೋಡ್ ಬರೆಸಿದೆ. ತೋರಿಸಿದಾಗ ಆ ಕಡೆ ಮೌನ. ಆಮೇಲೆ ಒಬ್ಬರು ಹಲ್ಲಿನ ಸಂದಿಯಲ್ಲಿ ‘ಸ್ಸ್’ ಅಂತ ಗಾಳಿ ಎಳೆದುಕೊಂಡರು. ಆ ಸದ್ದು ಕೇಳಿದರೆ ಕತೆ ಮುಗೀತು ಅಂತಲೇ ಲೆಕ್ಕ.

ಮೀಟಿಂಗ್‌ನಲ್ಲಿ ಅವರ ‘ಹಾಯ್’ ಎಷ್ಟೋ ಸಲ ಒಪ್ಪಿಗೆ ಅಲ್ಲ, ಹೂಂಗುಟ್ಟೋದು. ಅಜ್ಜಿ ಕತೆ ಹೇಳುವಾಗ ನಾವು ‘ಹೂಂ, ಹೂಂ’ ಅಂತಿರಲಿಲ್ವಾ, ಹಾಗೆ. ಅದಕ್ಕೆ ಅವರಲ್ಲಿ ‘ಐಜುಚಿ’ ಅಂತ ಹೆಸರೇ ಇದೆ. ಇನ್ನು ‘ಕೆಂತೋ’ ಅನ್ನೋದು, ಹೆಣ್ಣು ನೋಡೋಕೆ ಬಂದವರು ಕೇಸರಿಬಾತ್ ತಿಂದು ‘ಊರಿಗೆ ಹೋಗಿ ಕಾಗದ ಬರೀತೀವಿ’ ಅಂತಿದ್ದರಲ್ಲ, ಅದೇ. ಆ ಮಾತಿನ ಅರ್ಥ ನಮ್ಮ ಅಮ್ಮಂದಿರಿಗೆ ಗೊತ್ತಿತ್ತು. ಅದೇ ಮಾತು ಆಫೀಸಿನಲ್ಲಿ ಕಿವಿಗೆ ಬಿದ್ದಾಗ ನನಗೆ ಹೊಳೆಯಲಿಲ್ಲ ಅಷ್ಟೇ. ನಿಜವಾದ ಒಪ್ಪಿಗೆ ಮೀಟಿಂಗ್‌ಗೂ ಮೊದಲೇ, ಒಬ್ಬೊಬ್ಬರ ಹತ್ತಿರ ಮಾತಾಡಿ ಪಡೆಯಬೇಕು. ಇದಕ್ಕೆ ‘ನೆಮವಾಶಿ’ ಅಂತಾರೆ. ಮರ ಕಿತ್ತು ಬೇರೆ ಕಡೆ ನೆಡುವ ಮುಂಚೆ ಬೇರಿನ ಸುತ್ತ ಅಗೆದು ಹದ ಮಾಡೋದು ಅದರ ಮೂಲ ಅರ್ಥ.

ಆದರೆ ಜಾಸ್ತಿ ತೊಂದರೆ ಕೊಟ್ಟಿದ್ದು ನಮ್ಮ ‘ಹೌದು’. ‘ಶುಕ್ರವಾರ ಆಗುತ್ತಾ?’ ಅಂದರೆ ತಲೆ ಅಲ್ಲಾಡಿಸಿ ‘ಆಗುತ್ತೆ’ ಅಂತೀವಿ. ಆ ತಲೆ ಅಲ್ಲಾಟ ಹೌದೋ ಅಲ್ಲವೋ ಅಂತಲೇ ಅವರಿಗೆ ಗೊತ್ತಾಗಲ್ಲ. ‘ಆಗುತ್ತೆ’ ಅಂದರೆ ನಮಗೆ ‘ಪ್ರಯತ್ನ ಪಡ್ತೀನಿ’, ಅವರಿಗೆ ಮಾತು ಕೊಟ್ಟ ಹಾಗೆ. ಒಮ್ಮೆ ಬುಧವಾರವೇ ಆಗಲ್ಲ ಅಂತ ಗೊತ್ತಿದ್ದರೂ, ರಾತ್ರಿ ಕೂತು ಮುಗಿಸೋಣ ಅಂತ ಸುಮ್ನಿದ್ದೆ. ಶುಕ್ರವಾರ ಸಂಜೆ ಹೇಳಿದೆ. ತಡವಾಗಿದ್ದಕ್ಕೆ ಅವರು ಬೈಯಲೇ ಇಲ್ಲ. ‘ಬುಧವಾರ ಯಾಕೆ ಹೇಳಲಿಲ್ಲ?’ ಅಂತ ಮೂರು ಸಲ ಕೇಳಿದರು. ಅಲ್ಲಿ ಹೊಸಬರಿಗೆ ಮೊದಲು ಕಲಿಸೋದು ‘ಹೋರೆನ್ಸೋ’: ವರದಿ ಮಾಡು, ತಿಳಿಸು, ಸಲಹೆ ಕೇಳು. ಪಾಲಕ್ ಸೊಪ್ಪಿಗೂ ಅದೇ ಹೆಸರು, ಹಾಗಾಗಿ ಮರೆಯಲ್ಲ.

ಈಗ ನಾನು ಹೌದು, ಇಲ್ಲ ಅನ್ನೋ ಉತ್ತರ ಬರುವ ಪ್ರಶ್ನೆ ಕೇಳೋದೇ ಬಿಟ್ಟಿದ್ದೇನೆ. ‘ಯಾವ ಭಾಗ ಕಷ್ಟ ಅನ್ನಿಸ್ತು?’ ಅಂತ ಕೇಳ್ತೀನಿ. ಮೀಟಿಂಗ್ ಮುಗಿದ ಹತ್ತು ನಿಮಿಷಕ್ಕೆ, ನನಗೆ ಅರ್ಥವಾದದ್ದನ್ನು ನಾಲ್ಕು ಸಾಲು ಮೇಲ್ ಮಾಡ್ತೀನಿ. ಬಾಯಲ್ಲಿ ಹೇಳದೇ ಇರುವ ‘ಇಲ್ಲ’ ಆ ಮೇಲ್‌ಗೆ ಬರುವ ಉತ್ತರದಲ್ಲಿ ಮೆಲ್ಲಗೆ ಹೊರಬರುತ್ತೆ.

ಅಂದಹಾಗೆ, ‘ದೈಜೋಬು’ ಅಂದರೆ ‘ಪರವಾಗಿಲ್ಲ’ ಅಂತ ಕಲಿತು ಹೋಗ್ತೀರಿ. ಅಂಗಡಿಯಲ್ಲಿ ‘ಚೀಲ ಬೇಕಾ?’ ಅಂದಾಗ ‘ಕೊಟ್ಟರೆ ಪರವಾಗಿಲ್ಲ’ ಅನ್ನೋ ಅರ್ಥದಲ್ಲಿ ನಾನೂ ಹಾಗೇ ಅಂದೆ. ಅಲ್ಲಿ ಅದು ‘ಬೇಡ’. ಮೊಟ್ಟೆ, ಹಾಲು, ಬ್ರೆಡ್ಡು ಎಲ್ಲ ತಬ್ಬಿಕೊಂಡು ರೂಮಿಗೆ ಬಂದೆ.