ಸಮುದ್ರವೇ ಇಲ್ಲದ ನಮ್ಮ ಕಡೆ ಹಡಗಿನ ಸ್ಕೇಲ್ ಮಾಡೆಲ್ ಕಟ್ಟಬಹುದಾ? ಏರ್‌ಬ್ರಷ್ ಬೇಕೇಬೇಕಾ?

ನಮಸ್ಕಾರ. ನೀವು ಕೇಳಿರುವುದು ಮೂರು ವಿಷಯ. ಚಿಂತಾಮಣಿಯಲ್ಲಿದ್ದುಕೊಂಡು ಪ್ಲಾಸ್ಟಿಕ್ ಹಡಗಿನ ಮಾಡೆಲ್ ಕಟ್ಟಿ ಬಣ್ಣ ಹಚ್ಚುವುದು ಆಗುತ್ತದಾ, ಏರ್‌ಬ್ರಷ್ (ಗಾಳಿಯ ಒತ್ತಡದಿಂದ ಬಣ್ಣ ಸಿಂಪಡಿಸುವ ಸಾಧನ) ಇಲ್ಲದಿದ್ದರೆ ನಡೆಯುತ್ತದಾ, ಮೊದಲನೆಯದೇ ವಿಮಾನವಾಹಕ ನೌಕೆ ವಿಕ್ರಾಂತ್ ಆಗಬಹುದಾ.

ಚಿಂತಾಮಣಿ ಧಾರಾಳವಾಗಿ ಸಾಕು. ಏರ್‌ಬ್ರಷ್ ಬೇಡ. ವಿಕ್ರಾಂತ್ ಈಗಲೇ ಬೇಡ. ನಾನು ಚಿಕ್ಕಬಳ್ಳಾಪುರದಲ್ಲಿ ಕೂತು ವರ್ಷಗಳಿಂದ ಇದನ್ನೇ ಮಾಡುತ್ತಿದ್ದೇನೆ, ಹಾಗಾಗಿ ಧೈರ್ಯವಾಗಿ ಹೇಳುತ್ತೇನೆ.

ಮೊದಲು ವಿಕ್ರಾಂತ್ ವಿಷಯ. 1961ರಲ್ಲಿ ನೌಕಾಪಡೆಗೆ ಸೇರಿದ ಹಳೆಯ ವಿಕ್ರಾಂತ್ 700 ಅಡಿ ಉದ್ದ. 1/700 ಸ್ಕೇಲಿನಲ್ಲಿ, ಅಂದರೆ ನಿಜದ ಏಳುನೂರರಲ್ಲಿ ಒಂದು ಪಾಲಿನಲ್ಲಿ, ಸರಿಯಾಗಿ ಒಂದು ಅಡಿ. ಸ್ಕೇಲ್ ಅಂದರೇನು ಅಂತ ಯಾರಾದರೂ ಕೇಳಿದರೆ ನಾನು ಕೊಡುವ ಉದಾಹರಣೆ ಇದೇ. 2022ರಲ್ಲಿ ಕೊಚ್ಚಿಯಲ್ಲಿ ಸೇರ್ಪಡೆಯಾದ ಹೊಸ ವಿಕ್ರಾಂತ್ 262 ಮೀಟರ್, ಮಾಡೆಲ್ ಮಾಡಿದರೆ 37 ಸೆಂ.ಮೀ. ಉದ್ದದಿಂದ ಏನೂ ತೊಂದರೆ ಇಲ್ಲ. ತೊಂದರೆ ಇರುವುದು ಡೆಕ್ ಮೇಲಿನ ವಿಮಾನಗಳಲ್ಲಿ. ಉಗುರಿನಷ್ಟಗಲದ ವಿಮಾನಗಳಿಗೆ ಒಂದಾದ ಮೇಲೊಂದು ಚಕ್ರ ಅಂಟಿಸುತ್ತಾ ಕೂತರೆ ಹೊಸಬರಿಗೆ ಬೇಸರ ಬಂದುಬಿಡುತ್ತದೆ. ಅದರ ಬದಲು ಒಂದು ಡೆಸ್ಟ್ರಾಯರ್, ಅಂದರೆ ಚಿಕ್ಕ, ವೇಗದ ಯುದ್ಧನೌಕೆ, ತಗೊಳ್ಳಿ. ಎರಡನೇ ಮಹಾಯುದ್ಧದ ಅಮೆರಿಕದ ಫ್ಲೆಚರ್ ವರ್ಗದ ಹಡಗು 1/700ರಲ್ಲಿ ಹದಿನಾರು ಸೆಂ.ಮೀ. ಚಿಲ್ಲರೆ, ಅಷ್ಟೇ. ಪೆಟ್ಟಿಗೆಯ ಮೇಲೆ ವಾಟರ್‌ಲೈನ್ ಅಂತ ಇರುವುದನ್ನೇ ಆರಿಸಿ. ಅದರಲ್ಲಿ ನೀರಿನ ಮಟ್ಟದಿಂದ ಕೆಳಗಿನ ಭಾಗ ಇರುವುದಿಲ್ಲ, ಕೆಲಸ ಕಮ್ಮಿ. 1971ರಲ್ಲಿ ಜಪಾನಿನ ಶಿಜುವೊಕಾದ ನಾಲ್ಕು ಕಂಪನಿಗಳು, ತಮಿಯಾ, ಹಸೆಗಾವಾ, ಅವೊಶಿಮಾ, ಫುಜಿಮಿ, ಯಾವ ಹಡಗು ಯಾರು ಮಾಡುವುದು ಅಂತ ಹಂಚಿಕೊಂಡು 1/700ರ ವಾಟರ್‌ಲೈನ್ ಸರಣಿ ಶುರು ಮಾಡಿದವು. 1/700 ಇಷ್ಟು ಜನಪ್ರಿಯವಾಗಲು ಅದೇ ದೊಡ್ಡ ಕಾರಣ.

ಬೆಲೆ ನೋಡಿ ಗಾಬರಿಯಾಗಬೇಡಿ. ಸ್ಕೇಲ್ ಮಾಡೆಲ್ ನಮ್ಮಲ್ಲಿ ಆಟಿಕೆ ಲೆಕ್ಕಕ್ಕೇ ಬರುತ್ತದೆ. ಆಟಿಕೆಯ ಆಮದು ಸುಂಕ 2020ರಲ್ಲಿ ಶೇ 20ರಿಂದ 60ಕ್ಕೆ, 2023ರಲ್ಲಿ ಶೇ 70ಕ್ಕೆ ಏರಿತು. ಅಂಗಡಿಯವನನ್ನು ಬೈದು ಪ್ರಯೋಜನ ಇಲ್ಲ.

ಇನ್ನು ಬಣ್ಣ. ನಿಮ್ಮ ಪ್ರಶ್ನೆಯಲ್ಲಿ ತೂಕ ಇರುವುದು ಇಲ್ಲೇ. ಮಾಡೆಲ್ ಹಡಗು ಅಗ್ಗದ ಆಟದ ಸಾಮಾನಿನಂತೆ ಕಾಣುತ್ತಿದ್ದರೆ ಅದರ ಮೇಲೆ ಏನೋ ಒಂದು ದಪ್ಪ ಇದೆ ಅಂತಲೇ ಅರ್ಥ. ಬಣ್ಣ ದಪ್ಪ, ಕಂಬಿ ದಪ್ಪ, ಹಗ್ಗ ದಪ್ಪ, ಇಲ್ಲಾ ತುಕ್ಕು ದಪ್ಪ. ಲೆಕ್ಕ ಹಾಕಿ ನೋಡಿ. 1/700ರಲ್ಲಿ ಐದೂವರೆ ಅಡಿಯ ನಾವಿಕ 2.4 ಮಿ.ಮೀ. ಇರುತ್ತಾನೆ. ನೀವು ಬಳಿದ ಬಣ್ಣ ಮಿಲಿಮೀಟರಿನ ಹತ್ತನೇ ಒಂದು ಭಾಗ ಇದ್ದರೂ ನಿಜವಾದ ಹಡಗಿನ ಮೇಲೆ ಅದು 7 ಸೆಂ.ಮೀ. ಆಯಿತು! ಯಾರು ಅಷ್ಟು ಬಳಿಯುತ್ತಾರೆ? ನೋಡುವವರು ಈ ಲೆಕ್ಕ ಹಾಕಲ್ಲ, ಆದರೆ ಅವರ ಕಣ್ಣು ತಕ್ಷಣ ಹಿಡಿಯುತ್ತದೆ.

ಏರ್‌ಬ್ರಷ್ ಮಾಡುವ ಉಪಕಾರ ಇಷ್ಟೇ, ಬಣ್ಣವನ್ನು ತೆಳ್ಳಗೆ ಕೂರಿಸುತ್ತದೆ. ಅದರ ಜೊತೆಗೆ ಕಂಪ್ರೆಸರ್, ಅದರ ಸದ್ದು, ಪ್ರತಿ ಸಲ ಬಿಚ್ಚಿ ತೊಳೆಯುವ ರಗಳೆ, ಮಧ್ಯದಲ್ಲಿ ಹೋಗುವ ಕರೆಂಟು ಎಲ್ಲಾ ಬರುತ್ತದೆ. ಹದಿನಾರು ಸೆಂ.ಮೀ. ಹಡಗಿಗೆ ಇಷ್ಟೆಲ್ಲಾ ಯಾಕೆ? ಒಳ್ಳೆಯ ಚಪ್ಪಟೆ ಬ್ರಷ್ ಒಂದು, ಸೊನ್ನೆ ನಂಬರಿನ ದುಂಡು ಬ್ರಷ್ ಒಂದು ಸಾಕು. ಬಣ್ಣವನ್ನು ನೀರು ಮಜ್ಜಿಗೆಯ ಹದಕ್ಕೆ ತನ್ನಿ. ಮೊದಲ ಕೋಟ್ ಹಚ್ಚಿದಾಗ ಕೆಳಗಿನದು ಕಾಣುತ್ತಲೇ ಇರಬೇಕು. ಆಗ ಕೈ ತುರಿಸುತ್ತದೆ, ಮತ್ತೆ ಅಲ್ಲೇ ಬ್ರಷ್ ಆಡಿಸೋಣ ಅನ್ನಿಸುತ್ತದೆ. ಆಡಿಸಬೇಡಿ. ಎದ್ದು ಹೋಗಿ ಬೇರೆ ಕೆಲಸ ನೋಡಿ. ಪೂರ್ತಿ ಒಣಗಿದ ಮೇಲೆ ಇನ್ನೊಂದು, ಆಮೇಲೆ ಇನ್ನೊಂದು. ಬ್ರಷ್ ಕೆಲಸಕ್ಕೆ ವಲ್ಲೆಜೋ ಕಂಪನಿಯದಂಥ ನೀರಲ್ಲಿ ಕರಗುವ ಅಕ್ರಿಲಿಕ್ ಸುಲಭ. ತಮಿಯಾ ಅಕ್ರಿಲಿಕ್ ಸ್ಪ್ರೇಗೆ ಬಹಳ ಚೆನ್ನ, ಬ್ರಷ್‌ಗೆ ಸ್ವಲ್ಪ ಹಠಮಾರಿ. ಎರಡನೇ ಕೋಟ್ ಮೊದಲನೆಯದನ್ನು ಎಬ್ಬಿಸಿಬಿಡುತ್ತದೆ.

ಒಂದು ಮಾತು ನಮ್ಮ ಜಿಲ್ಲೆಯವರಿಗೇ ಬೇಕಾದದ್ದು. ಬಣ್ಣಕ್ಕೆ ಬೋರ್‌ವೆಲ್ ನೀರು ಬೆರೆಸಬೇಡಿ. ಡೆಕಾಲ್ (ಹಡಗಿನ ಗುರುತುಗಳ ಅಂಟುಚಿತ್ರ) ನೆನೆಸಲೂ ಬೇಡ. ನಮ್ಮ ನೀರು ಎಷ್ಟು ಗಡಸು ಅಂತ ಬಿಸಿನೀರಿನ ಪಾತ್ರೆಯ ತಳ ನೋಡಿದರೆ ಗೊತ್ತಾಗುತ್ತದೆ. ಕಡು ಬಣ್ಣದ ಮೇಲೆ ಒಣಗಿದಾಗ ಬಿಳಿ ಅಂಚು ಬಿಡುತ್ತದೆ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಒಂದು ಬಾಟಲಿ ತಂದಿಟ್ಟುಕೊಳ್ಳಿ, ಬಹಳ ದಿನ ಬರುತ್ತದೆ. ಏಪ್ರಿಲ್, ಮೇ ಮಧ್ಯಾಹ್ನ ಬಣ್ಣದ ಕೆಲಸಕ್ಕೆ ಕೂರಲೇಬೇಡಿ, ಬಣ್ಣ ಬ್ರಷ್ಷಿನಲ್ಲೇ ಒಣಗುತ್ತದೆ. ಬೆಳಗ್ಗೆ ಬೇಗ ಒಳ್ಳೆಯದು, ಧೂಳೂ ಕಮ್ಮಿ.

ಬಣ್ಣ ತೆಳುವಾದರೆ ಸಾಲದು, ತಿಳಿಯಾಗಿಯೂ ಇರಬೇಕು. ನಂದಿ ಬೆಟ್ಟದ ಮೇಲೆ ನಿಂತು ಸ್ಕಂದಗಿರಿ ಕಡೆ ನೋಡಿ. ಅಲ್ಲಿನ ಗಿಡಮರ ಹಸಿರೇ, ಆದರೆ ನಮಗೆ ಕಾಣುವುದು ಮಾಸಿದ ನೀಲಿ ಬೂದು. ಮಧ್ಯದ ಗಾಳಿ ಬಣ್ಣದ ಕಡುಪನ್ನು ತಿಂದುಬಿಡುತ್ತದೆ. 1/350 ಮಾಡೆಲನ್ನು ಒಂದೂವರೆ ಅಡಿ ದೂರದಿಂದ ನೋಡುವುದೆಂದರೆ ಹಡಗನ್ನು 525 ಅಡಿ ಆಚೆಯಿಂದ ನೋಡಿದ ಲೆಕ್ಕ. ಆದ್ದರಿಂದ ಕಂಪನಿ ಹೇಳಿದ ಬಣ್ಣಕ್ಕೆ ಒಂಚೂರು ತಿಳಿ ಬೂದು ಬೆರೆಸಿ. ಅಪ್ಪಟ ಕಪ್ಪು, ಅಪ್ಪಟ ಬಿಳಿ ಎರಡನ್ನೂ ಮುಟ್ಟಬೇಡಿ. ಕಪ್ಪು ಅಂತ ಬರೆದಿದ್ದರೆ ಕಡು ಬೂದು ಹಚ್ಚಿ. ಇದನ್ನು ಒಪ್ಪದವರೂ ಇದ್ದಾರೆ, ಬಣ್ಣದ ಮಾದರಿ ಚೀಟಿಯಲ್ಲಿ ಏನಿದೆಯೋ ಅದನ್ನೇ ಹಚ್ಚಬೇಕು ಅನ್ನುತ್ತಾರೆ. ಅವರ ಹಡಗುಗಳು ನನ್ನ ಕಣ್ಣಿಗೆ ಯಾವಾಗಲೂ ಸಣ್ಣದಾಗಿಯೇ ಕಾಣುತ್ತವೆ.

ಎರಡನೆಯ ಹಡಗಿಗೆ ನನ್ನ ಸಲಹೆ ಎಂಡೆನ್. ನಮಗೆ ಹತ್ತಿರದ ಸಮುದ್ರ ಅಂದರೆ ಚೆನ್ನೈನದ್ದು ಅಲ್ವಾ? 1914ರ ಸೆಪ್ಟೆಂಬರ್ 22ರ ರಾತ್ರಿ ಈ ಜರ್ಮನ್ ಕ್ರೂಸರ್ ಮದ್ರಾಸಿನ ಮೇಲೆ ಗುಂಡು ಹಾರಿಸಿ ಬಂದರಿನ ಎಣ್ಣೆ ಟ್ಯಾಂಕ್‌ಗಳಿಗೆ ಬೆಂಕಿ ಹಚ್ಚಿತು. ಹೈಕೋರ್ಟ್ ಗೋಡೆಯಲ್ಲಿ ಅದರ ಗುರುತಿನ ಫಲಕ ಈಗಲೂ ಇದೆ. ಅದೇ ವರ್ಷ ನವೆಂಬರ್ 9ಕ್ಕೆ ಕೋಕೋಸ್ ದ್ವೀಪದ ಹತ್ತಿರ ಆಸ್ಟ್ರೇಲಿಯಾದ ಸಿಡ್ನಿ ಹಡಗು ಅದನ್ನು ಮುಗಿಸಿತು. ರೆವೆಲ್ ಕಂಪನಿ ಇದನ್ನು 1/350ರಲ್ಲಿ ಹೊರತಂದಿದೆ, ಸುಮಾರು 34 ಸೆಂ.ಮೀ. ಶಾಂತಿಕಾಲದಲ್ಲಿ ಒಡಲೆಲ್ಲಾ ಬಿಳಿ, ಮೇಲ್ಭಾಗ ತಿಳಿ ಹಳದಿ. ಯುದ್ಧಕ್ಕೆ ಬೂದು. ಮೂರು ಹೊಗೆ ಕೊಳವೆಗಳ ಈ ಹಡಗು ಇಂಗ್ಲಿಷರದ್ದು ಅಂತ ನಂಬಿಸಲು ಬಟ್ಟೆಯಲ್ಲಿ ನಾಲ್ಕನೆಯದನ್ನು ಮಾಡಿ ನಿಲ್ಲಿಸುತ್ತಿದ್ದರು. ಬೇಕಿದ್ದರೆ ನೀವೂ ಕಾಗದ ಸುತ್ತಿ ಒಂದು ಮಾಡಿ ನಿಲ್ಲಿಸಬಹುದು.

ಎಂಡೆನ್ ಹೇಳಿದ್ದು ಇನ್ನೊಂದು ಕಾರಣಕ್ಕೆ. ಅದರ ಎರಡು ಕಂಬಗಳ ನಡುವೆ, ಸುತ್ತಮುತ್ತ ಹಗ್ಗ, ತಂತಿ ಜಾಸ್ತಿ. ಇಲ್ಲಿ ನಮ್ಮ ಜಿಲ್ಲೆಯವರಿಗೆ ಒಂದು ಅನುಕೂಲ ಇದೆ. ಹೊರಗಿನವರು ಇದಕ್ಕೆ ಅಂತಲೇ ಮಾರುವ ದಾರ ತರಿಸುತ್ತಾರೆ, ಇಲ್ಲಾ ಮಾಡೆಲ್ ಭಾಗಗಳು ಅಂಟಿಕೊಂಡು ಬರುವ ಪ್ಲಾಸ್ಟಿಕ್ ಚೌಕಟ್ಟಿನ ತುಂಡನ್ನು ಮೇಣದಬತ್ತಿಯ ಮೇಲೆ ಕಾಯಿಸಿ ಎಳೆಯುತ್ತಾರೆ. ನಮಗೆ ಶಿಡ್ಲಘಟ್ಟ ಇದೆ. ನನ್ನ ಸೋದರಮಾವನ ಮನೆಯಲ್ಲಿ ಗೂಡಿನಿಂದ ನೂಲು ತೆಗೆಯುವ ಕೆಲಸ. ಏಳೆಂಟು ಗೂಡುಗಳ ಎಳೆ ಸೇರಿ ಬರುವ 20/22 ಡೆನಿಯರ್ (ನೂಲು ಎಷ್ಟು ಸಣ್ಣ ಅನ್ನುವ ಅಳತೆ) ಕಚ್ಚಾ ರೇಷ್ಮೆ ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗ ದಪ್ಪ, ನಮ್ಮ ತಲೆಗೂದಲಿಗಿಂತ ಸಣ್ಣ. 1/350ರಲ್ಲಿ ಅದು 17, 18 ಮಿ.ಮೀ. ಹಗ್ಗ. ಹಡಗಿನಲ್ಲಿ ಇರಬೇಕಾದದ್ದೂ ಅಂಥದ್ದೇ. ಮಾವ ಮೊದಲ ಸಲ ನೋಡಿ, "ಸೀರೆಗೆ ಹೋಗೋ ನೂಲನ್ನ ಇದಕ್ಕಾ ಸುತ್ತೋದು?" ಅಂತ ನಕ್ಕರು. ಈಗ ತುಂಡು ನೂಲು ಬಿದ್ದರೆ ಎತ್ತಿಟ್ಟಿರುತ್ತಾರೆ.

ನೂಲನ್ನು ತೊಳೆಯಬೇಡಿ. ಕಚ್ಚಾ ರೇಷ್ಮೆಯಲ್ಲಿ ಗೂಡಿನ ಅಂಟು ಇನ್ನೂ ಇರುತ್ತದೆ, ಅದರಿಂದಲೇ ಎಳೆ ಬಿಗಿಯಾಗಿ ಕೂತಿರುವುದು. ಅಂಟು ಬಿಟ್ಟರೆ ಜುಂಗು ಏಳುತ್ತದೆ. ಕಡು ಬೂದು ಬಣ್ಣ ಬೆರಳಿಗೆ ಹಚ್ಚಿಕೊಂಡು ನೂಲನ್ನು ಒಮ್ಮೆ ಎಳೆಯಿರಿ, ಸಾಕು. ಸೂಜಿ ಮೊನೆಯಲ್ಲಿ ಒಂದು ಚುಕ್ಕೆ ಫೆವಿಕ್ವಿಕ್ ಇಟ್ಟು ಒಂದು ತುದಿ ಅಂಟಿಸಿ, ಒಣಗಲಿ, ಆಮೇಲೆ ಇನ್ನೊಂದು ತುದಿ. ಜಾಸ್ತಿ ಬಿಗಿದರೆ ಪ್ಲಾಸ್ಟಿಕ್ ಕಂಬ ಬಾಗುತ್ತದೆ. ಮಳೆಗಾಲದಲ್ಲಿ ರೇಷ್ಮೆ ತೇವ ಎಳೆದುಕೊಂಡು ಸ್ವಲ್ಪ ಸಡಿಲವಾಗುತ್ತದೆ, ಒಣ ದಿನ ನೋಡಿ ಈ ಕೆಲಸ ಇಟ್ಟುಕೊಳ್ಳಿ.

ತುಕ್ಕಿನ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ. ಇತ್ತೀಚೆಗೆ ಎಲ್ಲರೂ ಹಡಗಿನ ತುಂಬಾ ಕಿತ್ತಳೆ ಗೆರೆ ಎಳೆಯುತ್ತಾರೆ. ಯುದ್ಧನೌಕೆಯಲ್ಲಿ ಬಣ್ಣ ಕೆರೆದು ಹಚ್ಚುವುದಕ್ಕೇ ಸಿಬ್ಬಂದಿ ಇರುತ್ತಾರೆ. ಲಂಗರಿನ ತೂತಿನ ಕೆಳಗೆ, ನೀರು ಹೊರಬೀಳುವ ಕಿಂಡಿಯ ಕೆಳಗೆ ಒಂದೊಂದು ಮಸುಕು ಗೆರೆ ಇದ್ದರೆ ಸಾಕು. ಎಂಡೆನ್‌ಗೆ ಮಾತ್ರ ವಿನಾಯಿತಿ ಕೊಡಬಹುದು. ಪಾಪ, ಅದು ತಿಂಗಳುಗಟ್ಟಲೆ ತನ್ನ ಬಂದರು ಕಾಣದೆ, ಹಿಡಿದ ಹಡಗುಗಳಿಂದ ಕಲ್ಲಿದ್ದಲು ತುಂಬಿಕೊಂಡು ಓಡಾಡಿತ್ತು. ಕಾರವಾರದ ಕಡೆ ಹೋದರೆ ಟ್ಯಾಗೋರ್ ಕಡಲತೀರದಲ್ಲಿ ನಿಲ್ಲಿಸಿರುವ ಐಎನ್‌ಎಸ್ ಚಾಪೆಲ್ ಕ್ಷಿಪಣಿ ದೋಣಿಯನ್ನು ಹತ್ತಿರದಿಂದ ನೋಡಿ, ಫೋಟೊ ತೆಗೆದುಕೊಳ್ಳಿ. ಬಣ್ಣ ಎಲ್ಲಿ ಮಾಸುತ್ತದೆ, ನೀರಿಳಿದ ಗುರುತು ಎಲ್ಲಿಂದ ಶುರುವಾಗುತ್ತದೆ ಅಂತ ಅಲ್ಲಿ ತಿಳಿಯುತ್ತದೆ.

ಉಳಿದದ್ದೆಲ್ಲಾ ಚಿಕ್ಕಪುಟ್ಟದ್ದು. ಭಾಗಗಳನ್ನು ಮೊದಲು ಸೋಪು ನೀರಲ್ಲಿ ತೊಳೆದು ಒಣಗಿಸಿ, ಅಚ್ಚಿನ ಎಣ್ಣೆ ಹೋಗಲಿ. ಫೆವಿಕಾಲ್ ಈ ಪ್ಲಾಸ್ಟಿಕ್ಕಿಗೆ ಹಿಡಿಯುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುವ ಮಾಡೆಲ್ ಸಿಮೆಂಟ್ ಬೇಕು, ಕಿಟಕಿ ತೆಗೆದಿಟ್ಟು ಬಳಸಿ. ಸಂದು ಮುಚ್ಚಲು ಕಾರ್ ಪೇಂಟ್ ಅಂಗಡಿಯ ಎನ್‌ಸಿ ಪುಟ್ಟಿ ತೆಳ್ಳಗೆ, ಉಜ್ಜಲು ವಾಟರ್ ಪೇಪರ್. ಡೆಕ್ ಬೇರೆ, ಮೇಲಿನ ಕಟ್ಟಡ ಬೇರೆ ಬಣ್ಣ ಹಚ್ಚಿಕೊಂಡು ಆಮೇಲೆ ಜೋಡಿಸಿ. ಎಲ್ಲಾ ಅಂಟಿಸಿದ ಮೇಲೆ ಬಣ್ಣಕ್ಕೆ ಕೂತರೆ ಗೋಡೆ ಡೆಕ್ಕಿಗೆ ಸೇರುವ ಮೂಲೆಗಳಿಗೆ ಬ್ರಷ್ಷೇ ಹೋಗುವುದಿಲ್ಲ.

ಮುಗಿದ ಹಡಗನ್ನು ಬಯಲಲ್ಲಿ ಇಡಬೇಡಿ. ನಮ್ಮ ಧೂಳು ಒಂದು ವಾರದಲ್ಲಿ ಹಗ್ಗಗಳ ಮೇಲೆ ಕೂರುತ್ತದೆ, ಒರೆಸಲು ಹೋದರೆ ಹಗ್ಗವೇ ಬರುತ್ತದೆ. ಮೀನಿನ ತೊಟ್ಟಿ ಮಾಡಿಕೊಡುವವರಿಗೆ ಅಳತೆ ಕೊಟ್ಟರೆ ಗಾಜಿನ ಪೆಟ್ಟಿಗೆ ಮಾಡಿಕೊಡುತ್ತಾರೆ. ಫೆವಿಕ್ವಿಕ್ ಬಳಸಿದ ದಿನವೇ ಪೆಟ್ಟಿಗೆ ಮುಚ್ಚಬೇಡಿ. ಅದರ ಆವಿ ಒಳಗೇ ಉಳಿದು ಗಾಜಿನ ಮೇಲೆ, ಬಣ್ಣದ ಮೇಲೆ ಬಿಳಿ ಪುಡಿಯಾಗಿ ಕೂರುತ್ತದೆ. ಎರಡು ದಿನ ಬಿಟ್ಟು ಮುಚ್ಚಿ.